ಮಂಡಿಯ ಫಿಲ್ಮಿನಲ್ಲಿ ಎಲುಬಿನ ಜಾಲರಿ ಹುಡುಕಬೇಡಿ

ಪ್ರಶ್ನೆ: ಅಮ್ಮನಿಗೆ 64 ವರ್ಷ. ಎರಡು ಮಳೆಗಾಲದ ಹಿಂದೆ ಅಂಗಳದ ಹಾವಸೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಈಗ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿದ ಅಂಕ) –2.3 ಬಂದಿದೆ. ಎಂಆರ್‌ಐ ಎಲುಬಿನ ಒಳರಚನೆಯನ್ನೇ ತೋರಿಸುತ್ತದಂತೆ. ಕಳೆದ ವರ್ಷದ ಮಂಡಿಯ ಎಂಆರ್‌ಐ ಫಿಲ್ಮ್ ಕಳಿಸಿದರೆ ನೋಡಿ ಹೇಳುವಿರಾ? ಅಥವಾ ಹುಬ್ಬಳ್ಳಿಗೆ ಹೋಗಿ ಹೊಸದು ಮಾಡಿಸಲೇ? – ಶಿರಸಿಯ ಓದುಗರು

ಉತ್ತರ: ದಯವಿಟ್ಟು ಫಿಲ್ಮ್ ಕಳಿಸಬೇಡಿ. ಸುರುಳಿ ಸುತ್ತಿ ಬಂದ ಇಂಥ ಫಿಲ್ಮುಗಳು ಈಗಾಗಲೇ ನನ್ನ ಕಪಾಟಿನಲ್ಲಿ ಬಿದ್ದಿವೆ.

ಎಂಆರ್‌ಐ ಯಂತ್ರಕ್ಕೆ ಓಗೊಡುವುದು ಮಜ್ಜೆಯ ಕೊಬ್ಬು ಮತ್ತು ನೀರಿನಲ್ಲಿರುವ ಜಲಜನಕ. ಹಾಗಾಗಿ ಮಜ್ಜೆ ಬೆಳ್ಳಗೆ ಕಾಣುತ್ತದೆ, ಗಟ್ಟಿ ಎಲುಬು ಕಪ್ಪಗೇ ಉಳಿಯುತ್ತದೆ. ಎಲುಬಿನೊಳಗೆ ಮಜ್ಜೆಯ ನಡುವೆ ಸಣ್ಣ ಎಲುಬಿನೆಳೆಗಳ ಜಾಲರಿ ಇರುತ್ತದೆ. ಸಂಶೋಧಕರು ಓದುವುದು ಆ ಕಪ್ಪು ಎಳೆಗಳ ಜಾಲರಿಯನ್ನು. ಒಂದೊಂದು ಎಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ನಿಮ್ಮ ತಾಯಿಯ ಮಂಡಿಯನ್ನು ಮೂರು ಮಿಲಿಮೀಟರ್ ಆಸುಪಾಸಿನ ಹೋಳುಗಳಲ್ಲಿ ಚಿತ್ರಿಸಿರುತ್ತಾರೆ. ಎಳೆಗಳೆಲ್ಲ ಒಂದರ ಮೇಲೊಂದು ಬಿದ್ದು ಬರಿಯ ಬೂದು ಬಣ್ಣವಾಗಿರುತ್ತದೆ. ಅದರಲ್ಲಿ ಸವಕಲು ಮೃದ್ವಸ್ಥಿ ನೋಡಬಹುದು, ಜಾಲರಿಯನ್ನಲ್ಲ. ಜಾಲರಿ ಬೇಕೆಂದರೆ ಸಾಮಾನ್ಯವಾಗಿ 3 ಅಥವಾ 7 ಟೆಸ್ಲಾದಷ್ಟು ಬಲವಾದ ಕಾಂತದ ಯಂತ್ರ, ಸಂಕೇತ ಹಿಡಿಯುವ ವಿಶೇಷ ಕಾಯಿಲ್ (ತಂತಿಸುರುಳಿ), ಮಣಿಕಟ್ಟನ್ನೋ ಹಿಮ್ಮಡಿಯನ್ನೋ ಹತ್ತು ನಿಮಿಷಕ್ಕೂ ಮೇಲೆ ಅಲುಗಿಸದೆ ಇಡುವ ತಾಳ್ಮೆ ಬೇಕು. ಅಂಥದೊಂದು ಅಧ್ಯಯನಕ್ಕೆ ನಾನೂ ಕೈ ಕೊಟ್ಟು ಮಲಗಿದ್ದೆ. ಎಂಟನೆಯ ನಿಮಿಷಕ್ಕೆ ಸೀನು ಬಂತು, ಚಿತ್ರವೆಲ್ಲ ಕಲಸಿಹೋಯಿತು.

ಹಾಗಾದರೆ ಸಂಶೋಧಕರು ಅಷ್ಟು ಕಷ್ಟಪಡುವುದೇಕೆ? ಎಲುಬಿನ ಸಾಂದ್ರತೆ ಒಂದೇ ಇದ್ದರೂ ಬಲ ಒಂದೇ ಇರುವುದಿಲ್ಲ. ಅಡಿಕೆ ಒಣಗಿಸುವ ಅಟ್ಟವನ್ನೇ ನೋಡಿ. ಕಂಬಗಳನ್ನು ಹಾಗೇ ಬಿಟ್ಟು ಅವನ್ನು ಹಿಡಿದಿರುವ ಅಡ್ಡ ದಬ್ಬೆ ಕಿತ್ತರೆ ತೂಕದಲ್ಲಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ, ಕಂಬ ಮಾತ್ರ ಬಾಗುತ್ತದೆ. ತೆಳುವಾದ ಕಂಬದ ಆಧಾರವಿಲ್ಲದ ಉದ್ದ ಎರಡು ಪಟ್ಟಾದರೆ ಬಾಗದೆ ತಡೆಯುವ ಭಾರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ವಯಸ್ಸಾದ ಬೆನ್ನುಮೂಳೆಯಲ್ಲಿ ಮೊದಲು ಹೋಗುವುದು ಈ ಅಡ್ಡ ಎಳೆಗಳೇ. ಡೆಕ್ಸಾ ಖನಿಜವನ್ನಷ್ಟೇ ಅಳೆಯುತ್ತದೆ, ಯಾವ ದಬ್ಬೆ ಹೋಯಿತೆಂದು ಹೇಳಲಾರದು.

ಆದರೂ ಹುಬ್ಬಳ್ಳಿಯ ಬಸ್ ಹತ್ತಬೇಡಿ. ಇದು ಸಂಶೋಧನೆಯ ಸಾಧನ, ದಿನನಿತ್ಯದ ಪರೀಕ್ಷೆಯಲ್ಲ. ಎಲುಬು ಸವೆತದ ರೋಗ (ಆಸ್ಟಿಯೊಪೊರೋಸಿಸ್) ಎನ್ನುವ ಗೆರೆಯಾದ –2.5 ತಲುಪಿಲ್ಲವೆಂದು ನೀವು ಸಮಾಧಾನಪಟ್ಟಿದ್ದೀರಿ ಅನ್ನಿಸುತ್ತದೆ, ನನಗೆ ಸಮಾಧಾನವಿಲ್ಲ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮಣಿಕಟ್ಟು ಮುರಿದಿದೆ. ಜಾಲರಿ ಹೇಗಿದೆಯೆಂದು ಆ ಅಂಗಳವೇ ಪರೀಕ್ಷೆ ಮಾಡಿ ಹೇಳಿಯಾಗಿದೆ. ಎಂಆರ್‌ಐ ಖರ್ಚಿನಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುರಿತದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ, ಎಲುಬಿಗೆ ಔಷಧಿ ಬೇಕೇ ಎಂದು ಈ ವಾರವೇ ಕೇಳಿ. ಮತ್ತೆ ಆ ಹಾವಸೆ ಕೆರೆಸಿ.

ಪ್ರಶ್ನೆ: ಎಂಆರ್‌ಐಯಲ್ಲಿ ವಿಕಿರಣ ಎಷ್ಟು? – ಹೊನ್ನಾವರ
ಉತ್ತರ: ಎಕ್ಸ್‌ರೇ ಥರದ್ದು ಇಲ್ಲವೇ ಇಲ್ಲ. ಡೆಕ್ಸಾದಲ್ಲಿ ಇರುವುದೂ ಅತ್ಯಲ್ಪ.

ಪ್ರಶ್ನೆ: ಶಿಬಿರವೊಂದರಲ್ಲಿ ಕೈಯಲ್ಲಿ ಕೋಲು ಹಿಡಿಸಿ, ‘ಕ್ವಾಂಟಂ ಮ್ಯಾಗ್ನೆಟಿಕ್’ ಯಂತ್ರದಿಂದ ಎಲುಬಿನ ವರದಿ ಕೊಟ್ಟರು. ನಂಬಬಹುದೇ? – ಅಂಕೋಲಾ
ಉತ್ತರ: ಬೇಡ. ಆ ಕೋಲನ್ನು ಯಾರ ಕೈಗೂ ಕೊಡದೆ ಒದ್ದೆ ಬಟ್ಟೆ ಸುತ್ತಿಟ್ಟರೂ ಯಂತ್ರ ವರದಿ ಕೊಡುತ್ತದೆ. ಎಂಆರ್‌ಐ ಕಾಂತಕ್ಕೆ ಟನ್‌ಗಟ್ಟಲೆ ತೂಕವಿದೆ. ಅದು ಬ್ಯಾಗಿನಲ್ಲಿ ಬರುವುದಿಲ್ಲ. ಅವರು ಮಾರಿದ ಪುಡಿಯ ಡಬ್ಬಿಯನ್ನು ತೆರೆಯದಿದ್ದರೆ ಹಿಂದಕ್ಕೆ ಕೊಟ್ಟು ಹಣ ಕೇಳಿ.

ಪ್ರಶ್ನೆ: ಕಾಂತದ ಬಳೆ ತೊಟ್ಟರೆ ಎಲುಬು ಗಟ್ಟಿಯಾಗುತ್ತದೆಯೇ? – ಕುಮಟಾ
ಉತ್ತರ: ಇಲ್ಲ. ಎಂಆರ್‌ಐ ಕೋಣೆಗೆ ಹೋಗುವಾಗ ಮಾತ್ರ ಅದನ್ನು ಹೊರಗೇ ತೆಗೆದಿಡಿ.