ಶಾಲೆಯ ಹೊಡೆದಾಟದ ಬಗ್ಗೆ ಮಕ್ಕಳಿಂದ ನಾಟಕ ಮಾಡಿಸುವಾಗ ಹೊಡೆತವನ್ನೇ ತೋರಿಸಬೇಕಾ?

ಬೇಡ. ಹೊಡೆತಕ್ಕಿಂತ ಅದರ ಹಿಂದಿನ ದಿನಗಳನ್ನು ತೋರಿಸಿ. ದಾವಣಗೆರೆಯಲ್ಲಿ ನಾವು ಹೈಸ್ಕೂಲ್ ಮಕ್ಕಳ ಜೊತೆ ಮಾಡಿದಾಗ ಬಿಸಿಯೂಟದ ಒಂದು ದೃಶ್ಯವೇ ಸಾಕಾಯಿತು. ಸಾಲಾಗಿ ಕೂತ ಮಕ್ಕಳು. ಒಬ್ಬ ಹುಡುಗ ತಟ್ಟೆ ಹಿಡಿದು ಬಂದು ಕೂತ. ಪಕ್ಕದವನು ಸುಮ್ನೆ ಒಂದು ಮೊಳ ಆಚೆ ಸರಿದ. ಅಷ್ಟೇ. ನೋಡುತ್ತಿದ್ದವರೆಲ್ಲ ಗಪ್‌ಚುಪ್.

ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಲ್ ರೂಪಿಸಿದ, ನೋಡುಗರೂ ಆಟದೊಳಗೆ ಬರುವ ಫೋರಂ ಥಿಯೇಟರ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೊದಲ ಸಲ ನಾಟಕ ಕೆಟ್ಟದಾಗಿಯೇ ಮುಗಿಯಲಿ. ಮತ್ತೆ ಮೊದಲಿಂದ ಆಡಿ. ಈಗ ನೋಡುವ ಮಕ್ಕಳಲ್ಲಿ ಯಾರಾದರೂ ‘ನಿಲ್ಸಿ’ ಅಂದರೆ ಆಟ ನಿಲ್ಲಬೇಕು. ಹಾಗೆ ಅಂದವರೇ ಮೇಲೆ ಬಂದು, ಪಾತ್ರ ವಹಿಸಿಕೊಂಡು, ಬೇರೆ ದಾರಿ ಹುಡುಕಬೇಕು.

ನಿಜವಾಗಿ ಒಂಟಿಯಾಗಿರುವ ಹುಡುಗನಿಗೆ ನಾಟಕದಲ್ಲೂ ಒಂಟಿ ಹುಡುಗನ ಪಾತ್ರ ಕೊಡಲೇಬೇಡಿ. ಮಾರನೇ ದಿನ ಅದೇ ಅವನ ಅಡ್ಡಹೆಸರಾಗುತ್ತದೆ, ಅಲ್ವಾ? ತಮಟೆ ಕೊಡಿ, ಎಲ್ಲರೂ ಅವನ ತಾಳಕ್ಕೆ ಹೆಜ್ಜೆ ಹಾಕಲಿ. ಕಾಡಿಸುವವನ ಪಾತ್ರವನ್ನು ದಿನಕ್ಕೊಬ್ಬರು ಮಾಡಲಿ.

ಮುಗಿದ ಮೇಲೆ ಮಾತಿಗೆ ಅರ್ಧ ಗಂಟೆ ಇಡಿ. ಯಾವ ಮಗುವಾದರೂ ತನ್ನ ಕಷ್ಟ ಹೇಳಿಕೊಂಡರೆ ಎಲ್ಲರೆದುರು ಕೆದಕಬೇಡಿ, ಆಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಕೇಳಿ. ಮಕ್ಕಳ ಸಹಾಯವಾಣಿ 1098 ಅನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಡಿ. ಹೊಸದುರ್ಗದ ಕಡೆ ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತವರು ಸಿಕ್ಕರೆ ಖಂಡಿತ ಕರೆಸಿ.