ವಾಟರ್ ಪಂಪ್ ಸೋರುತ್ತಿದ್ದರೆ ನೀರು ಹಾಕಿಕೊಂಡೇ ಕಾರು ಓಡಿಸಬಹುದಾ?

ನಿಮ್ಮ ಕಾರು 90 ಸಾವಿರ ಕಿಲೋಮೀಟರ್ ಓಡಿದೆ, ವಾರಕ್ಕೆ ಅರ್ಧ ಲೀಟರ್ ನೀರು ಹಿಡಿಯುತ್ತಿದೆ, ಮಿಸ್ತ್ರಿ ವಾಟರ್ ಪಂಪ್ (ಇಂಜಿನ್ ತಂಪಾಗಿಡುವ ನೀರನ್ನು ಸುತ್ತಿಸುವ ಪಂಪ್) ಬದಲಿಸಿ ಅನ್ನುತ್ತಿದ್ದಾರೆ. ಸುಮ್ನೆ ನೀರು ಹಾಕಿಕೊಂಡು ಓಡಿಸಿದರೆ ಆಗಲ್ವಾ, ಇಲ್ಲ ಬರೀ ಸೀಲ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ.

ಪಂಪೇ ಸೋರುತ್ತಿದೆ ಅಂತ ಖಾತ್ರಿ ಆದರೆ ದಯವಿಟ್ಟು ಬದಲಿಸಿ. ನಾಲ್ಕು ತಿಂಗಳು ನೀರು ಹಾಕಿಕೊಂಡು ಓಡಿಸಿದವನು ನಾನು.

ನನ್ನ ಮನೆ ಹುಬ್ಬಳ್ಳಿ, ವಾರಕ್ಕೆ ಮೂರು ದಿನ ಗದಗದಲ್ಲಿ ಕೆಲಸ. ಡಿಕ್ಕಿಯಲ್ಲಿ ಎರಡು ಬಾಟ್ಲಿ ಬೋರ್ ನೀರು ಯಾವಾಗಲೂ ಇರುತ್ತಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಹುಲಕೋಟಿ ಹತ್ತಿರ ಟೆಂಪರೇಚರ್ ಮುಳ್ಳು ಮೇಲೇರಿತು. ಗದಗ ಇನ್ನೇನು ಬಂತಲ್ಲ ಅಂತ ನಿಲ್ಲಿಸದೆ ಓಡಿಸಿದೆ. ಪಿಕಪ್ ಕಡಿಮೆಯಾಯಿತು, ಬಾನೆಟ್ ಸಂದಿನಿಂದ ಹಬೆ ಎದ್ದಿತು. ಇಂಜಿನ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಬೆಂಡ್ ಆಗಿ ಫೇಸಿಂಗ್ ಮಾಡಿಸಿ ಮಟ್ಟ ಮಾಡಿಸಬೇಕಾಯಿತು. 3 ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ 22 ಸಾವಿರ ಕೊಟ್ಟೆ.

ಗದಗದ ಮಿಸ್ತ್ರಿ ಹಳೆ ಪಂಪ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಬೀಳೋಕೆ ಬಂದ ಹಲ್ಲಿನ ಹಾಗೆ ಆಡುತ್ತಿತ್ತು. ಹೊಟ್ಟೆಯ ಕೆಳಗೆ ಬೆಂಕಿಕಡ್ಡಿ ತೂರುವಷ್ಟು ತೂತು, ಅದರಿಂದ ಕೆಳಕ್ಕೆ ಒಣಗಿದ ಬಿಳಿ ಗೆರೆ. "ನೋಡ್ರಿ, ತಿಂಗಳಗಟ್ಲೆ ಸೋರೈತಿದು" ಅಂದರು. ಒಳಗಿನ ಚಕ್ರದ ರೆಕ್ಕೆಗಳ ಅಂಚು ತಿಂದುಹೋಗಿತ್ತು, ಮೇಲೆ ಸುಣ್ಣದಂಥ ಪದರ. ನಮ್ಮ ಬಚ್ಚಲುಮನೆಯ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಪದರ.

ಆ ತೂತು ಕಂಪನಿಯವರು ಬೇಕಂತಲೇ ಬಿಟ್ಟಿರುವುದು. ಪಂಪಿನ ಶಾಫ್ಟ್ ಬೇರಿಂಗ್ ಮೇಲೆ ತಿರುಗುತ್ತದೆ. ನೀರಿನ ಕಡೆಗೆ ನೀರು ತಡೆಯುವ ಸೀಲ್ ಇರುತ್ತದೆ. ಸೀಲ್ ಸವೆದರೆ ನೀರು ಬೇರಿಂಗ್‌ಗೆ ನುಗ್ಗುವ ಮೊದಲು ಆ ತೂತಿನಿಂದ ಹೊರಗೆ ಹೋಗಲಿ ಅಂತ ಅದನ್ನು ಇಟ್ಟಿರುತ್ತಾರೆ. ಅಲ್ಲಿ ಬಿಡದೆ ಸೋರಿದರೆ ಸೀಲ್ ಮುಗಿಯಿತು ಅಂತಲೇ ಅರ್ಥ. ಆ ತೂತಿಗೆ ಎಂ-ಸೀಲ್ ಅಂಟು ಮೆತ್ತುವುದನ್ನು ನೋಡಿದ್ದೇನೆ, ಅದು ಬಹಳ ತಪ್ಪು. ಹೊರಗೆ ಹೋಗೋ ನೀರು ಬೇರಿಂಗ್‌ಗೆ ಹೋಗುತ್ತದೆ, ಅಷ್ಟೇ.

ಮೊದಲು ನೀವೇ ಪರೀಕ್ಷೆ ಮಾಡಿ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪಂಪಿನ ಪುಲ್ಲಿ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಪುಲ್ಲಿ ಅಲ್ಲಾಡಿಸಿ, ಸ್ವಲ್ಪ ಪ್ಲೇ (ಸಡಿಲ) ಇದ್ದರೂ ಬೇರಿಂಗ್ ಹೋಗಿದೆ. ಪಂಪ್ ಒಣಗಿದ್ದರೆ ಹೋಸ್ ಪೈಪಿನ ಕ್ಲಿಪ್, ರೇಡಿಯೇಟರ್ ಮೂಲೆಗಳು, ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ನೋಡಿ. ಮ್ಯಾಟ್ ಒದ್ದೆ ಇದ್ದು ಸಿಹಿ ವಾಸನೆ ಬಂದರೆ ಹೀಟರ್ ಕಡೆ ಸೋರಿಕೆ ಇರಬಹುದು. ಎಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅದು ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ವಿಚಾರ. ಆಗ ಪಂಪ್ ಬದಲಿಸಿ ಉಪಯೋಗವಿಲ್ಲ.

ಸೀಲ್ ಮಾತ್ರ ಹಾಕಿಸುವುದು ಟ್ರ್ಯಾಕ್ಟರ್, ಹಳೆ ಲಾರಿ ಪಂಪುಗಳಿಗೆ ನಡೆಯುತ್ತದೆ. ಸಣ್ಣ ಕಾರಿಗೆ ಇಡೀ ಪಂಪೇ ಹಾಕಿಸಿ. ಎಷ್ಟೋ ಸಲ ಖರ್ಚು ಜಾಸ್ತಿಯಾಗುವುದು ಪಂಪಿಗಿಂತ ಬಿಚ್ಚುವ ಕೂಲಿಗೆ. ನಿಮ್ಮ ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುತ್ತದೋ ಇಂಜಿನ್ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿನಿಂದಲೋ ಕೇಳಿ. ಟೈಮಿಂಗ್ ಬೆಲ್ಟ್ ಆದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಪಂಪ್ ಜಾಮ್ ಆಗಿ ಆ ಬೆಲ್ಟ್ ಹರಿದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಪಂಪ್ ಕೂರುವ ಜಾಗದಲ್ಲಿ ಹಳೆ ಗ್ಯಾಸ್ಕೆಟ್ ಒಂದು ಚೂರೂ ಉಳಿಯಬಾರದು, ಆದರೆ ಸ್ಕ್ರೂಡ್ರೈವರ್‌ನಿಂದ ಕೆರೆದರೆ ಅಲ್ಯೂಮಿನಿಯಂಗೆ ಗೀರು ಬಿದ್ದು ಹೊಸ ಪಂಪೂ ಸೋರುತ್ತದೆ. ಎಲ್ಲ ಮುಗಿದ ಮೇಲೆ ನೀರಿನ ದಾರಿಯಲ್ಲಿ ಸಿಕ್ಕ ಗಾಳಿ ತೆಗೆಯುವುದು ಮುಖ್ಯ. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಓಡಿಸಬೇಕು. ಒಳಗೆ ಗಾಳಿ ಉಳಿದರೆ ಮುಳ್ಳು ಮತ್ತೆ ಏರುತ್ತದೆ, ಜನ ಹೊಸ ಪಂಪ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಮರುದಿನ ತಣ್ಣಗಿರುವಾಗ ನೀರಿನ ಲೆವೆಲ್ ನೋಡಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಈಗ ನೀರಿನ ವಿಚಾರ, ನಮ್ಮ ಕಡೆ ಇದೇ ದೊಡ್ಡದು. ಹುಬ್ಬಳ್ಳಿಯ ಎಷ್ಟೋ ಕಡೆ ನಳದ ನೀರು ಬರುವುದು ಕೆಲವು ದಿನಕ್ಕೊಮ್ಮೆ, ಅದನ್ನು ಕುಡಿಯೋಕೆ ಇಟ್ಟುಕೊಳ್ಳುತ್ತೇವೆ. ಕಾರಿಗೆ ಹೋಗುವುದು ಬೋರಿನ ಸವಳು ನೀರು. ಗದಗದ ಕಡೆಯೂ ಬೋರ್ ನೀರು ಸವಳೇ. ಅದು ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟುತ್ತದೆ, ಸೀಲಿನ ಮುಖ ಉಜ್ಜುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಬರೀ ನೀರಿನ ಬದಲು ಹಾಕುವ ಕೂಲಂಟ್‌ನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ಕುದಿಯುವ ಬಿಸಿಯೂ ನೀರಿಗಿಂತ ಮೇಲೆ ಹೋಗುತ್ತದೆ. ನೀರು ಬೆರೆಸದ ಗಟ್ಟಿ ಕೂಲಂಟ್ ತಂದರೆ ಅರ್ಧಕ್ಕರ್ಧ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಸೇರಿಸಿ. ರೆಡಿ ಮಿಕ್ಸ್ ಆದರೆ ನೀರೇ ಬೇಡ. ಪಂಪ್ ಹಾಕಿಸುವ ದಿನವೇ ಹಳೆಯದನ್ನೆಲ್ಲ ತೆಗೆಸಿ, ಒಳಗೆ ತೊಳೆಸಿ, ಹೊಸದು ತುಂಬಿಸಿ.

ತೆಗೆದ ಹಳೆ ಕೂಲಂಟ್ ರಸ್ತೆಗೆ ಚೆಲ್ಲಿಸಬೇಡಿ, ಟ್ರೇಯಲ್ಲಿ ಹಿಡಿದು ಡಬ್ಬಿಗೆ ತುಂಬಿಸಿ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ಬೀದಿ ನಾಯಿ, ದನ ನೆಕ್ಕಿದರೆ ಸಾಯಬಹುದು.