ವಯಸ್ಸಾಯ್ತು ಅಂತ ಗುಂಡನನ್ನು ಹಳ್ಳಕ್ಕೆ ಬಿಡಬೇಡಿ

ಸಿಡ್ನಿಯಿಂದ ಓದುಗರೊಬ್ಬರು ಬರೆದಿದ್ದಾರೆ: 'ಮಗ ಚಿಕ್ಕವನಿದ್ದಾಗ ಲೈಸೆನ್ಸ್ ಮಾಡಿಸಿ ತಂದ ಹಸಿರು ಮರಗಪ್ಪೆ ಗುಂಡನಿಗೆ ಈಗ 16 ವರ್ಷ. ಮಗ ಓದಲು ಬೇರೆ ಊರಿಗೆ ಹೋದ. ಗುಂಡ ಈಗ ಕೊಂಬೆ ಹತ್ತುವುದಿಲ್ಲ. ಜಿರಳೆ ಎದುರಿಗೇ ಇದ್ದರೂ ನಾಲಿಗೆಗೆ ಸಿಗುವುದಿಲ್ಲ. ಎಡಗಣ್ಣಿನ ಮೇಲೆ ಬಿಳಿ ಪೊರೆ ಬಂದಿದೆ. ಮಗ ಮುದ್ದಿಗೆ ಇಲಿಮರಿ ತಿನ್ನಿಸುತ್ತಿದ್ದ, ಅದರಿಂದ ಹೀಗಾಯಿತೇ? ವಯಸ್ಸಾಯ್ತು, ಹಿತ್ತಲಿನ ಹಳ್ಳಕ್ಕೆ ಬಿಡೋಣ ಅಂತಾರೆ ನಮ್ಮ ಯಜಮಾನರು.'

ನಮಸ್ಕಾರ. ಚೆನ್ನಾಗಿ ಸಾಕಿದ ಹಸಿರು ಮರಗಪ್ಪೆ 15 ವರ್ಷ ದಾಟುವುದು ಅಪರೂಪವಲ್ಲ, 20ರವರೆಗೂ ಬದುಕುತ್ತದೆ. ಗುಂಡ ಮುದುಕನಾಗಿದ್ದಾನೆ, ನಿಜ. ಆದರೆ ನೀವು ಹೇಳಿದ್ದೆಲ್ಲ ಬರೀ ಮುಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಕಣ್ಣು. ಕೊಬ್ಬಿನ ಆಹಾರ ಜಾಸ್ತಿಯಾದರೆ ಈ ಕಪ್ಪೆಗಳ ಕಣ್ಣಿನ ಮೇಲ್ಪದರದಲ್ಲಿ ಕೊಬ್ಬು ಕೂತು ಬೆಳ್ಳಗಾಗುತ್ತದೆ. ಇಲಿಮರಿಯಲ್ಲಿ ಕೊಬ್ಬು ಹೆಚ್ಚು, ಹಾಗಾಗಿ ನಿಮ್ಮ ಅನುಮಾನ ಸರಿಯಿರಬಹುದು. ಒಮ್ಮೆ ಗುಂಡನ ತಲೆಯನ್ನು ಪಕ್ಕದಿಂದ ನೋಡಿ. ಕಣ್ಣಿನ ಹಿಂದೆ ದುಂಡಗೆ ಕಿವಿಯ ತಮಟೆ ಕಾಣಬೇಕು. ಅದರ ಮೇಲಿನ ಚರ್ಮದ ಮಡಿಕೆ ಜೋತುಬಿದ್ದು ತಮಟೆಯನ್ನು ಮುಚ್ಚಿದ್ದರೆ ಬೊಜ್ಜು ಬಂದಿದೆ ಅಂತಲೇ ಲೆಕ್ಕ. ಕಣ್ಣಿಗೆ ಬಂದದ್ದು ಪೂರ್ತಿ ಹೋಗುವುದು ಕಷ್ಟ, ಇನ್ನೂ ಹೆಚ್ಚಾಗದಂತೆ ತಡೆಯಬಹುದು. ಇಲಿಮರಿ ಇವತ್ತೇ ನಿಲ್ಲಿಸಿ. ಮಗನ ಮೇಲೆ ಮಾತ್ರ ಬೇಜಾರು ಬೇಡ, ಎಷ್ಟೋ ಜನ ಪ್ರೀತಿಯಿಂದ ಇದನ್ನೇ ಮಾಡುತ್ತಾರೆ.

ನಾಲಿಗೆಗೆ ಹುಳ ಸಿಗದಿರುವುದಕ್ಕೆ ಕಣ್ಣು ಕಾಣದಿರುವುದೇ ಕಾರಣವಿರಬಹುದು. ವಿಟಮಿನ್ ಎ ಕಡಿಮೆಯಾದರೂ ಕಪ್ಪೆಯ ನಾಲಿಗೆಗೆ ಹುಳ ಅಂಟುವುದಿಲ್ಲ. ಯಾವುದು ಅಂತ ಕಪ್ಪೆ, ಹಲ್ಲಿ ನೋಡುವ ವೆಟ್ ಮಾತ್ರ ಹೇಳಬಲ್ಲರು. ವಿಟಮಿನ್ ಜಾಸ್ತಿಯಾದರೂ ತೊಂದರೆ, ನೀವೇ ಅಂದಾಜಿನಲ್ಲಿ ಹಾಕಬೇಡಿ. ಅಲ್ಲಿಯವರೆಗೆ ತುದಿ ಮೊಂಡಾದ ಚಿಮಟದಲ್ಲಿ ಎರೆಹುಳವನ್ನೋ ಸಣ್ಣ ಜಿರಳೆಯನ್ನೋ ಹಿಡಿದು, ಚೆನ್ನಾಗಿರುವ ಕಣ್ಣಿನ ಕಡೆಯಿಂದ ನಿಧಾನ ಅಲ್ಲಾಡಿಸಿ. ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸಾಕು. ಬಾಯಿ ಬಿಡಿಸಿ ತುರುಕಬೇಡಿ.

ಕೊಂಬೆಗಳನ್ನು ಕೆಳಗಿಳಿಸಿ. ಬಿದ್ದರೆ ಪೆಟ್ಟಾಗದಂತೆ ತಳಕ್ಕೆ ಒದ್ದೆ ಟಿಶ್ಯೂ ಪೇಪರ್ ಹಾಸಿ, ಮಲ ಕಂಡೊಡನೆ ಬದಲಿಸಿ. ನೀರಿನ ತಟ್ಟೆ ಕಾಲು ಮುಳುಗುವಷ್ಟು ಆಳವಿದ್ದರೆ ಸಾಕು. ಕಪ್ಪೆ ನೀರನ್ನು ಚರ್ಮದಿಂದಲೇ ಹೀರುವುದರಿಂದ ನಲ್ಲಿ ನೀರಿಗೆ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಇಡಿ. ಕೆಲವು ಕಡೆ ನಲ್ಲಿ ನೀರಲ್ಲಿ ಕ್ಲೋರಿನ್ ಬದಲು ಅದರದೇ ಜಾತಿಯ ಕ್ಲೋರಮಿನ್ ಇರುತ್ತದೆ, ಅದು ರಾತ್ರಿಯೆಲ್ಲ ತೆರೆದಿಟ್ಟರೂ ಹೋಗುವುದಿಲ್ಲ. ವಾರಕ್ಕೊಮ್ಮೆ ಡಬ್ಬಿಯಲ್ಲಿ ಕೂರಿಸಿ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುತ್ತಲೇ ಹೋದರೆ, ಅಥವಾ ಹೊಟ್ಟೆ ನೀರು ತುಂಬಿದ ಹಾಗೆ ಉಬ್ಬಿದರೆ, ಕಾಯಬೇಡಿ.

ಇನ್ನು ಹಳ್ಳದ ಮಾತು. ಗುಂಡನ ಜಾತಿ ಆಸ್ಟ್ರೇಲಿಯಾದ್ದೇ, ಹಾಗಾಗಿ ಯಜಮಾನರಿಗೆ ಹಾಗನ್ನಿಸುವುದು ಸಹಜ. ಆದರೆ 2021ರ ಚಳಿಗಾಲದಲ್ಲಿ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಜನರ ಮನೆಯಂಗಳದಲ್ಲೇ ಈ ಹಸಿರು ಕಪ್ಪೆಗಳು ಸೊರಗಿ, ಕಂದುಬಣ್ಣಕ್ಕೆ ತಿರುಗಿ ಸತ್ತವು. ಸತ್ತ ಹಲವು ಕಪ್ಪೆಗಳಲ್ಲಿ, ಕಪ್ಪೆಯ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಅನ್ನುವ ಶಿಲೀಂಧ್ರ ಸಿಕ್ಕಿತು. ಸಾಕಿದ ಕಪ್ಪೆ ಅಂಥ ರೋಗವನ್ನು ಹಳ್ಳಕ್ಕೆ ಒಯ್ಯಬಹುದು, ಹಳ್ಳದಿಂದ ತಾನೇ ಅಂಟಿಸಿಕೊಳ್ಳಲೂಬಹುದು. ಕಣ್ಣು ಸರಿಯಿಲ್ಲದ, 16 ವರ್ಷ ತಟ್ಟೆಯ ಊಟ ಕಂಡ ಜೀವ ಅಲ್ಲಿ ಉಪವಾಸ ಬೀಳುತ್ತದೆ ಅಲ್ವಾ? ದಯವಿಟ್ಟು ಬಿಡಬೇಡಿ.

ನೋವು ತಿನ್ನುವ ದಿನ ಬಂದರೆ ವೆಟ್ ಕೈಯಲ್ಲೇ ಅರಿವಳಿಕೆ ಕೊಡಿಸಿ ಬೀಳ್ಕೊಡಿ. ಫ್ರೀಜರ್‌ನಲ್ಲಿಟ್ಟರೆ ನೋವಿಲ್ಲ ಅನ್ನುವ ಹಳೇ ಸಲಹೆಯನ್ನು ಕೇಳಬೇಡಿ. ಆದರೆ ಆ ಮಾತು ಈಗ ಬೇಕಿಲ್ಲ. ಮಗನಿಗೆ ಫೋನ್ ಮಾಡಿ, ಗುಂಡನ ವಿಷಯ ಹೇಳಿ. ವೆಟ್ ಏನಂದರು ಅಂತ ನಮಗೂ ಬರೆಯಿರಿ.

– ಸಂ.